ಸೌದಿಗೆ ಹೊರಟಿರುವ ಮಧುಮೇಹಿ: ಹೊರಡುವ ಮುಂಚಿನ ಹತ್ತು ವಾರ, ಇಳಿದ ಮೇಲಿನ ಮೂರು ತಿಂಗಳು

ಪ್ರಶ್ನೆ: ನನಗೆ 41 ವರ್ಷ, ಬಂಟ್ವಾಳದ ಕಡೆಯವನು. ಸೌದಿಯ ಜುಬೈಲ್‌ನಲ್ಲಿ ಸೈಟ್ ಸೂಪರ್‌ವೈಸರ್ ಕೆಲಸಕ್ಕೆ ಮೂರು ವರ್ಷದ ಕರಾರು ಆಗುವುದರಲ್ಲಿದೆ. ಜೂನ್ ಮೊದಲ ವಾರ ಹೊರಡಬೇಕು, ಇನ್ನು ಹತ್ತು ವಾರ ಇದೆ. ಐದು ವರ್ಷದಿಂದ ಶುಗರ್ ಇದೆ, ಕಳೆದ ತಿಂಗಳ ಎಚ್‌ಬಿಎ1ಸಿ 8.4. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಗುಳಿಗೆ ದಿನಕ್ಕೆ ಎರಡು; ಬಿಪಿಗೆ ಟೆಲ್ಮಿಸಾರ್ಟನ್-ಹೈಡ್ರೋಕ್ಲೋರೋಥಯಾಜೈಡ್ ಒಂದು; ಸೊಂಟನೋವಿಗೆ ರಾತ್ರಿ ಪ್ರಿಗ್ಯಾಬಲಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಮಲೇರಿಯಾ ಬಂದಿತ್ತು. ರಾತ್ರಿ ಸ್ವಲ್ಪ ಕುಡಿಯುವ ಅಭ್ಯಾಸವೂ ಇದೆ. ಹೆಂಡತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು ಊರಲ್ಲೇ ಇರುತ್ತಾರೆ. ಮೆಡಿಕಲ್‌ನಲ್ಲಿ ಪಾಸ್ ಆಗುತ್ತೇನಾ? ಏನೇನು ಮಾಡಿಸಿಕೊಂಡು ಹೋಗಬೇಕು? ಒಂದು ವರ್ಷಕ್ಕಾಗುವಷ್ಟು ಮಾತ್ರೆ ಕೊಂಡೊಯ್ಯಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಅಪಾಯದ್ದು ಅಲ್ಲಿದೆ. ಪ್ರಿಗ್ಯಾಬಲಿನ್ ನಮ್ಮೂರಿನಲ್ಲಿ ಸೊಂಟನೋವಿಗೆ, ಕಾಲುರಿಗೆ ಸಲೀಸಾಗಿ ಬರೆದುಕೊಡುವ ಔಷಧ. ಸೌದಿಯಲ್ಲಿ, ಯುಎಇಯಲ್ಲಿ ಅದು ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿದೆ. ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಜೆಪಾಮ್ ಇವೂ ಅದೇ ಸಾಲಿನವು. ಅನುಮತಿ ಇಲ್ಲದೆ ಇವುಗಳಲ್ಲಿ ಒಂದು ಸ್ಟ್ರಿಪ್ ಬ್ಯಾಗಿನಲ್ಲಿ ಸಿಕ್ಕಿದರೂ ಕಸ್ಟಮ್ಸ್‌ನವರಿಗೆ ಅದು ಮಾದಕ ವಸ್ತುವಿನ ಪ್ರಕರಣ. ಸೌದಿಯ ಆಹಾರ ಮತ್ತು ಔಷಧ ಪ್ರಾಧಿಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಗಡ ಅನುಮತಿ ಪಡೆಯುವ ದಾರಿ ಇದೆ. ಅದೂ ಹೆಚ್ಚೆಂದರೆ 30 ದಿನದ ಔಷಧಕ್ಕೆ. ಮೂರು ವರ್ಷ ಇರಲು ಹೋಗುವವರು ತಿಂಗಳಿಗೆ ಮುಗಿಯುವ ಅನುಮತಿಯನ್ನು ನೆಚ್ಚಿಕೊಳ್ಳುವುದಕ್ಕಿಂತ ಆ ಔಷಧವನ್ನು ಇಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಇದನ್ನು ಒಮ್ಮೆಲೇ ನಿಲ್ಲಿಸಬಾರದು. ನಿದ್ದೆಗೇಡು, ಬೆವರು, ಚಡಪಡಿಕೆ ಶುರುವಾಗುತ್ತದೆ. ಕನಿಷ್ಠ ಒಂದು ವಾರ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಡೋಸ್ ಇಳಿಸುತ್ತಾ ನಿಲ್ಲಿಸುತ್ತಾರೆ. ನರದ ನೋವು ನಿಜವಾಗಿಯೂ ಇದ್ದರೆ ಬೇರೆ ಯಾವ ಔಷಧ ಆಗಬಹುದೆಂದು ನಿಮ್ಮ ವೈದ್ಯರನ್ನು ಕೇಳಿ, ಮತ್ತು ಆ ಹೊಸ ಹೆಸರನ್ನೂ ಸೌದಿಯ ಪಟ್ಟಿಯಲ್ಲಿ ಹುಡುಕಿ ನೋಡಿ. ಈ ಕೆಲಸವನ್ನು ಈ ವಾರವೇ ಶುರು ಮಾಡಿ. ಬದಲಿ ಔಷಧ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗಲು ಐದಾರು ವಾರ ಬೇಕು.

ಇದೇ ಮಾತಿಗೆ ಸೇರಿದ ಇನ್ನೊಂದು ವಸ್ತು ಅಡುಗೆಮನೆಯದು, ಗಸಗಸೆ. ಅಫೀಮಿನ ಗಿಡದ ಬೀಜವಾದ್ದರಿಂದ ಅದರ ಮೈಮೇಲೆ ಮಾರ್ಫಿನ್‌ನ ಅಂಶ ಅಂಟಿರುತ್ತದೆ, ಗಲ್ಫ್ ದೇಶಗಳಲ್ಲಿ ನಿಷಿದ್ಧ. ಗಸಗಸೆಯ ಪೊಟ್ಟಣವನ್ನು ಯಾರೂ ಬೇಕೆಂದು ಒಯ್ಯುವುದಿಲ್ಲ. ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ಕೋಳಿ ಮಸಾಲೆ ಪುಡಿಯಲ್ಲಿ, ಕುರ್ಮದ ಪುಡಿಯಲ್ಲಿ ಅದು ಸೇರಿಕೊಂಡಿರುತ್ತದೆ. ಮಸಾಲೆ ಹುರಿಯುವ ಮೊದಲೇ ಮನೆಯಲ್ಲಿ ಹೇಳಿಡಿ. ಲೇಬಲ್ ಇಲ್ಲದ ಕಷಾಯದ ಪುಡಿ, ಚೂರ್ಣ, ಭಸ್ಮ, ಲೇಹ್ಯಗಳನ್ನೂ ಬಿಡಿ. ಒಳಗೇನಿದೆ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಪಕ್ಕದ ಮನೆಯವರು ಅಲ್ಲಿರುವ ತಮ್ಮ ಮಗನಿಗೆಂದು ಕೊಡುವ ಔಷಧದ ಕಟ್ಟನ್ನಂತೂ, ಎಷ್ಟೇ ಮುಲಾಜಿದ್ದರೂ, ಕೈಯಲ್ಲಿ ಹಿಡಿಯಬೇಡಿ.

ಈಗ ಮೆಡಿಕಲ್. ಜನ ಇನ್ನೂ ‘ಗಾಮ್ಕಾ’ ಎನ್ನುವ ಈ ತಪಾಸಣೆ ಈಗ ‘ವಾಫಿದ್’ ಪೋರ್ಟಲ್‌ನಲ್ಲಿ ಬುಕ್ ಆಗುತ್ತದೆ. ಸ್ಲಿಪ್‌ನಲ್ಲಿ ಬಂದ ಕೇಂದ್ರಕ್ಕೇ ಹೋಗಬೇಕು. ಮುಖ್ಯವಾಗಿ ನೋಡುವುದು ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಮೂತ್ರ, ಮಲ, ಸಕ್ಕರೆ, ಕಿಡ್ನಿ ಹಾಗೂ ಲಿವರ್ ಪರೀಕ್ಷೆ. ಸೋಂಕಿನ ಪರೀಕ್ಷೆ ಪಾಸಿಟಿವ್ ಬಂದರೆ, ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೆ ‘ಅನ್‌ಫಿಟ್’. ಕ್ಷಯ ಹತ್ತು ವರ್ಷದ ಹಿಂದೆ ಪೂರ್ತಿ ವಾಸಿಯಾಗಿದ್ದರೂ ಕಲೆ ಉಳಿದಿದ್ದರೆ ಹೀಗಾಗುವುದುಂಟು. ಒಮ್ಮೆ ಅನ್‌ಫಿಟ್ ಎಂದಾದರೆ ಆ ಫಲಿತಾಂಶ ಆರೂ ಗಲ್ಫ್ ದೇಶಗಳಿಗೆ ಕಾಣುವ ವ್ಯವಸ್ಥೆಯಲ್ಲಿ ಉಳಿಯುತ್ತದೆ.

ಹಾಗಾಗಿ ಏಜೆಂಟಿಗೆ ದುಡ್ಡು ಕಟ್ಟುವ ಮೊದಲು, ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಇದೇ ಪರೀಕ್ಷೆಗಳನ್ನು ಒಳ್ಳೆಯ ಲ್ಯಾಬ್ ಒಂದರಲ್ಲಿ ಸ್ವಂತವಾಗಿ ಮಾಡಿಸಿ. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಶ್ವಾಸಕೋಶ ತಜ್ಞರಿಗೆ ತೋರಿಸಲು ಆಗ ಸಮಯ ಇರುತ್ತದೆ. ವಿಡಿಆರ್‌ಎಲ್ ಎಂಬ ಸಿಫಿಲಿಸ್ ಪರೀಕ್ಷೆ ಕೆಲವೊಮ್ಮೆ ರೋಗ ಇಲ್ಲದೆಯೂ ಪಾಸಿಟಿವ್ ತೋರುತ್ತದೆ, ಟಿಪಿಎಚ್‌ಎ ಎಂಬ ಎರಡನೇ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಎಡವಟ್ಟು ಬಹಳ ಜನರಿಗೆ ತಿಳಿದಿಲ್ಲ: ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಮೇಲೆ ಸುಮಾರು 18 ದಿನದವರೆಗೆ ರಕ್ತದಲ್ಲಿ ಲಸಿಕೆಯದೇ ಎಚ್‌ಬಿಎಸ್‌ಎಜಿ ಅಂಶ (ಸೋಂಕು ಇದೆಯೇ ಎಂದು ಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ) ಸಿಗಬಹುದು. ವಿದೇಶಕ್ಕೆ ಹೋಗುತ್ತೇನೆಂದು ಉತ್ಸಾಹದಲ್ಲಿ ಲಸಿಕೆ ಹಾಕಿಸಿ, ಮರುವಾರ ಮೆಡಿಕಲ್‌ಗೆ ಹೋದವರು ರೋಗ ಇಲ್ಲದೆಯೂ ಸಿಕ್ಕಿಬೀಳಬಹುದು. ಮೊದಲು ಮೆಡಿಕಲ್, ಆಮೇಲೆ ಆ ಲಸಿಕೆ. ಈಗಾಗಲೇ ಹಾಕಿಸಿದ್ದರೆ ಒಂದು ತಿಂಗಳು ಬಿಟ್ಟು ಹೋಗಿ.

ನಿಮ್ಮ ಶುಗರ್ ಬಗ್ಗೆ ಹೇಳುವುದಾದರೆ, ಹತೋಟಿಯಲ್ಲಿರುವ ಮಧುಮೇಹಕ್ಕೆ ಸಾಮಾನ್ಯವಾಗಿ ತಡೆ ಬರುವುದಿಲ್ಲ. ಹತೋಟಿಯಲ್ಲಿಲ್ಲದೆ ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ಕಂಡರೆ ತಕರಾರು. ಮೆಡಿಕಲ್ ದಿನ ಮಾತ್ರೆ ಹೆಚ್ಚು ನುಂಗಿ, ಊಟ ಬಿಟ್ಟು ಸಕ್ಕರೆ ಇಳಿಸಿ ತೋರಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಸೌದಿಗೆ ಇಳಿದ ಮೇಲೆ ಇಕಾಮಾಕ್ಕಾಗಿ, ಎಂದರೆ ಅಲ್ಲಿನ ವಾಸದ ಪರವಾನಗಿಗಾಗಿ, ಇನ್ನೊಂದು ಮೆಡಿಕಲ್ ಇದೆ. ಅದರಲ್ಲಿ ಫೇಲ್ ಆದರೆ ಬರುವುದು ಸಾಲ ಹೊತ್ತುಕೊಂಡು ವಾಪಸು ಟಿಕೆಟ್.

ಎಚ್‌ಬಿಎ1ಸಿ ಎಂದರೆ ರಕ್ತದ ಸಕ್ಕರೆಯ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ. ಹತ್ತು ವಾರ ಎಂದರೆ ಒಂದೇ ಒಂದು ಸುತ್ತು ಸರಿಪಡಿಸಿಕೊಳ್ಳುವಷ್ಟು ಅವಧಿ. 8.4ರಿಂದ 7ರ ಆಸುಪಾಸಿಗೆ ತರುವ ಗುರಿ ಇಟ್ಟುಕೊಳ್ಳಿ. ಆದರೆ ಯಾವ ಔಷಧದಿಂದ ತರುತ್ತೀರಿ ಎನ್ನುವುದು ನಿಮ್ಮ ವಿಷಯದಲ್ಲಿ ಮುಖ್ಯ. ಮೂರು ಔಷಧ ಒಂದೇ ಗುಳಿಗೆಯಲ್ಲಿ ಕೂಡಿಸುವುದು ನಮ್ಮ ದೇಶದ ಪದ್ಧತಿ. ಅದೇ ಜೋಡಣೆ ಅಲ್ಲಿನ ಫಾರ್ಮಸಿಯಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ, ಬ್ರಾಂಡ್ ಹೆಸರಂತೂ ಅಲ್ಲಿಯವರಿಗೆ ಅರ್ಥವಾಗುವುದಿಲ್ಲ. ಅಲ್ಲಿನ ವೈದ್ಯರು ತಮಗೆ ಗೊತ್ತಿದ್ದುದಕ್ಕೆ ಬದಲಾಯಿಸುತ್ತಾರೆ, ಮೊದಲ ಬಿಸಿಲಿನಲ್ಲಿ ಹೊಸ ಔಷಧವನ್ನು ನಿಮ್ಮ ಮೈ ಹೇಗೆ ತಡೆಯುತ್ತದೋ ನೋಡಬೇಕಾಗುತ್ತದೆ. ಇದನ್ನು ಈಗಲೇ ಮಾಡಿ. ಎಲ್ಲೆಡೆ ಸಿಗುವ ಬಿಡಿ ಔಷಧಗಳಿಗೆ ಇಲ್ಲೇ ಬದಲಾಯಿಸಿಕೊಂಡು ಎರಡು ತಿಂಗಳು ಸಕ್ಕರೆ ನೋಡಿ.

ನಿಮ್ಮ ವೈದ್ಯರಲ್ಲಿ ಮೂರು ವಿಷಯ ಎತ್ತಿ. ಒಂದು, ಗ್ಲಿಮೆಪಿರೈಡ್. ಊಟ ತಡವಾದರೂ, ಮೈಮುರಿದು ಕೆಲಸ ಮಾಡಿದರೂ ಅದು ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಸೈಟಿನಲ್ಲಿ ಏಣಿ, ಸ್ಕಾಫೋಲ್ಡಿಂಗ್ ಹತ್ತುವವರಿಗೆ ಲೋ-ಶುಗರ್ ಎಂದರೆ ಬೀಳುವುದು. ಡೋಸ್ ಇಳಿಸಬಹುದೇ, ಲೋ-ಶುಗರ್ ಮಾಡದ ಬೇರೆ ಔಷಧ ಆಗುತ್ತದೆಯೇ ಎಂದು ಕೇಳಿ. ಎರಡು, ಬಿಪಿ ಮಾತ್ರೆಯ ಹೈಡ್ರೋಕ್ಲೋರೋಥಯಾಜೈಡ್. ಅದು ಮೂತ್ರದ ಮೂಲಕ ಉಪ್ಪು ನೀರು ಹೊರಹಾಕುವ ಔಷಧ. 45 ಡಿಗ್ರಿಯಲ್ಲಿ ಬೆವರಿನ ಮೂಲಕವೂ ಅವೇ ಹೋಗುತ್ತಿರುತ್ತವೆ. ತಲೆಸುತ್ತು, ಸೋಡಿಯಂ ಕೊರತೆ, ಕಿಡ್ನಿಗೆ ಪೆಟ್ಟು, ಹೀಗೆ ಸರಣಿ ಶುರುವಾಗುತ್ತದೆ. ಟೆಲ್ಮಿಸಾರ್ಟನ್ ಜೊತೆ ಆಮ್ಲೋಡಿಪಿನ್ ಹೊಂದುತ್ತದೆಯೇ ಎಂದು ನೋಡಲು ಹತ್ತು ವಾರ ಧಾರಾಳ. ಮೂರು, ಯಾರಾದರೂ ಡಪಾಗ್ಲಿಫ್ಲೋಜಿನ್‌ನಂಥ ಔಷಧ ಸೇರಿಸಲು ಹೊರಟರೆ ನಿಮ್ಮ ಕೆಲಸ ಬಿಸಿಲಿನದು ಎಂದು ಬಾಯಿಬಿಟ್ಟು ಹೇಳಿ. ಒಳ್ಳೆಯ ಔಷಧವೇ, ಆದರೆ ಅದೂ ಮೂತ್ರ ಹೆಚ್ಚಿಸುತ್ತದೆ. ನೀರು ಕಡಿಮೆಯಾಗಿ ಊಟವೂ ಬಿಟ್ಟಾಗ, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ವಿಪರೀತ ಏರದೆಯೇ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗುವ ಸಾಧ್ಯತೆ ಇದೆ. ರಂಜಾನ್ ಉಪವಾಸ ಹಿಡಿಯುವ ಮಧುಮೇಹಿಗಳಿಗೂ ಈ ಮಾತುಗಳು ಅನ್ವಯಿಸುತ್ತವೆ. ಉಪವಾಸ ಶುರುವಾಗಲು ಆರೆಂಟು ವಾರ ಇರುವಾಗಲೇ ಡೋಸಿನ ಲೆಕ್ಕ ಬದಲಾಯಿಸಿಕೊಳ್ಳಬೇಕು.

ಮಾತ್ರೆ ಎಷ್ಟು ತಿಂಗಳಿನದು ಒಯ್ಯಬೇಕು ಎನ್ನುವುದನ್ನು ಇಕಾಮಾ ತೀರ್ಮಾನಿಸುತ್ತದೆ. ಸೌದಿಯಲ್ಲಿ ಇಳಿದ ಮೇಲೆ ಉದ್ಯೋಗದಾತರು 90 ದಿನದೊಳಗೆ ಇಕಾಮಾ ಮಾಡಿಸಬೇಕು. ಇಕಾಮಾ ಮತ್ತು ವಿಮೆ ಎರಡೂ ಕೈಗೆ ಬರುವ ತನಕ ನೀವು ಸಾಮಾನ್ಯ ಜ್ವರಕ್ಕೂ ಕೈಯಿಂದ ಕೊಡಬೇಕಾದ ಸ್ಥಿತಿಯಲ್ಲಿರಬಹುದು. ಗಲ್ಫ್‌ಗೆ ಹೊಸದಾಗಿ ಹೋದವರ ಆರೋಗ್ಯ ಕೆಡುವುದು ಬಹುತೇಕ ಈ ಸಂದಿನಲ್ಲೇ. ಔಷಧ ಮುಗಿದಿರುತ್ತದೆ, ಕಾರ್ಡ್ ಬಂದಿರುವುದಿಲ್ಲ, ಮೊದಲ ಸಂಬಳ ಊರಿನ ಸಾಲಕ್ಕೆ ಹೋಗಿರುತ್ತದೆ, ಹೊಸ ಕೆಲಸದಲ್ಲಿ ರಜೆ ಕೇಳಲು ಸಂಕೋಚ. ‘ಮುಂದಿನ ತಿಂಗಳು ತೋರಿಸಿಕೊಂಡರಾಯಿತು’ ಎಂದು ಬಿಪಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಈ ಅವಧಿಯನ್ನು ದಾಟಿಸುವಷ್ಟು ಔಷಧ ಇರಲಿ. ಹೊರಡುವ ವಾರ ಸೌದಿ ಔಷಧ ಪ್ರಾಧಿಕಾರದ ತಾಣದಲ್ಲಿ ಸ್ವಂತ ಬಳಕೆಯ ಮಿತಿ ಎಷ್ಟಿದೆಯೆಂದು ನೋಡಿಕೊಂಡು ಅಷ್ಟೇ ಒಯ್ಯಿರಿ. ಒಂದು ವರ್ಷದ ರಾಶಿ ಕಟ್ಟಿಕೊಂಡು ಹೋದರೆ ಮಾರಾಟಕ್ಕೆ ತಂದದ್ದೆಂಬ ಅನುಮಾನ ಬರುತ್ತದೆ. ಅಷ್ಟು ದಿನ ಔಷಧವನ್ನು ತಂಪಾಗಿ ಇಡುವ ಜಾಗವೂ ಲೇಬರ್ ಕ್ಯಾಂಪಿನಲ್ಲಿ ಇರುವುದಿಲ್ಲ.

ಸ್ಟ್ರಿಪ್‌ಗಳನ್ನು ಕತ್ತರಿಸದೆ ಮೂಲ ಡಬ್ಬಿಯಲ್ಲೇ ಇಡಿ. ಚೀಟಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ, ಅಕ್ಷರವೂ ಬದಲಾಗದಂತೆ ಇರಬೇಕು. ಔಷಧದ ಮೂಲ ಹೆಸರು, ಡೋಸ್, ಯಾವ ಕಾಯಿಲೆಗೆ ಎಂಬುದು ಇಂಗ್ಲಿಷಿನಲ್ಲಿ ಟೈಪ್ ಆಗಿರಬೇಕು; ವೈದ್ಯರ ನೋಂದಣಿ ಸಂಖ್ಯೆ, ಮೊಹರು ಬೇಕು. ಔಷಧವೆಲ್ಲ ಕೈಬ್ಯಾಗಿನಲ್ಲಿರಲಿ. ಚೆಕ್-ಇನ್ ಪೆಟ್ಟಿಗೆ ತಪ್ಪಿಹೋಗುವುದುಂಟು, ಇನ್ಸುಲಿನ್ ತೆಗೆದುಕೊಳ್ಳುವವರದಾದರೆ ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಬಳಸುತ್ತಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ 28 ದಿನ ಬಾಳುತ್ತದೆ. ಗ್ಲೂಕೋಮೀಟರ್ ಪಟ್ಟಿಗಳ ಡಬ್ಬಿಯನ್ನು ಸೈಟಿನ ಪಿಕಪ್‌ನಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ನಿಲ್ಲಿಸಿದ ವಾಹನದೊಳಗೆ 60 ಡಿಗ್ರಿ ದಾಟಬಹುದು. ಬೆಂದ ಪಟ್ಟಿ ಸುಳ್ಳು ಸಂಖ್ಯೆ ತೋರಿಸುತ್ತದೆ, ನೀವು ಅದನ್ನು ನಂಬಿ ಮಾತ್ರೆ ನುಂಗುತ್ತೀರಿ.

ನಿಮ್ಮ ಮಲೇರಿಯಾ ವಿಷಯ ಚಿಕ್ಕದೆನಿಸಬಹುದು, ಚಿಕ್ಕದಲ್ಲ. ಕರಾವಳಿಯಲ್ಲಿ ಹೆಚ್ಚಾಗಿ ಬರುವುದು ವೈವ್ಯಾಕ್ಸ್. ಜ್ವರ ಇಳಿದ ಮೇಲೂ ಅದು ಲಿವರ್‌ನಲ್ಲಿ ಅಡಗಿ ಕುಳಿತು ತಿಂಗಳುಗಟ್ಟಲೆ ಆದಮೇಲೆ ಮತ್ತೆ ಎದ್ದು ಬರಬಲ್ಲದು. ಅದನ್ನು ಕೀಳುವುದು 14 ದಿನದ ಪ್ರಿಮಾಕ್ವಿನ್. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಅದನ್ನು ಅರ್ಧಕ್ಕೇ ಬಿಟ್ಟವರು ಎಷ್ಟೋ ಜನ. ನಿಮ್ಮ ಹಳೆಯ ಚೀಟಿ ಹುಡುಕಿ ನೋಡಿ. ಹದಿನಾಲ್ಕೂ ದಿನ ತೆಗೆದುಕೊಂಡ ನೆನಪಿಲ್ಲದಿದ್ದರೆ ವೈದ್ಯರಿಗೆ ಹೇಳಿ, ಪ್ರಿಮಾಕ್ವಿನ್ ನಿಮಗೆ ಸುರಕ್ಷಿತವೇ ಎಂದು ತಿಳಿಸುವ ಜಿ6ಪಿಡಿ ಪರೀಕ್ಷೆ ಮಾಡಿಸಿ, ಈಗ ಪೂರ್ತಿ ಮಾಡಬೇಕೇ ಎಂದು ಕೇಳಿ. ಅಲ್ಲಿ ಹೋದ ಮೊದಲ ವರ್ಷ ಚಳಿಜ್ವರ ಬಂದರೆ ‘ನನಗೆ ಮಲೇರಿಯಾ ಆಗಿತ್ತು, ನಾನು ಮಂಗಳೂರಿನ ಕಡೆಯಿಂದ ಬಂದವನು’ ಎಂದು ನೀವೇ ಬಾಯಿ ಬಿಟ್ಟು ಹೇಳಬೇಕು. ಜುಬೈಲ್‌ನ ಕ್ಲಿನಿಕ್‌ನಲ್ಲಿ ಅದನ್ನು ತಾನಾಗಿ ಯೋಚಿಸುವವರು ಕಡಿಮೆ.

ಕುಡಿತ. ‘ಸ್ವಲ್ಪ’ ಎಂದಿದ್ದೀರಿ. ವಾರಕ್ಕೊಮ್ಮೆಯೋ ದಿನಾ ರಾತ್ರಿಯೋ ಎನ್ನುವುದು ಮುಖ್ಯ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಗೊಂದಲ, ಇಲ್ಲದ್ದು ಕಾಣುವುದು, ಜೀವಕ್ಕೇ ಅಪಾಯವಾಗುವ ಸ್ಥಿತಿ. ಸೌದಿಗೆ ಇಳಿದವರಿಗೆ ಮದ್ಯ ಸಿಗುವುದಿಲ್ಲ, ಎಂದರೆ ಈ ನಾಲ್ಕು ದಿನ ಕಳೆಯುವುದು ಗುರುತು ಪರಿಚಯವಿಲ್ಲದ ಕ್ಯಾಂಪಿನ ಕೋಣೆಯಲ್ಲಿ. ಇದಕ್ಕೆ ಕೊಡುವ ಲೊರಾಜೆಪಾಮ್‌ನಂಥ ಔಷಧಗಳೂ ಮೇಲೆ ಹೇಳಿದ ನಿಯಂತ್ರಿತ ಗುಂಪಿನವೇ, ಜೇಬಿನಲ್ಲಿಟ್ಟುಕೊಂಡು ಹೋಗುವಂತಿಲ್ಲ. ದಿನವೂ ಕುಡಿಯುವವರಾದರೆ ಹೊರಡಲು ಒಂದು ತಿಂಗಳು ಇರುವಾಗಲೇ ವೈದ್ಯರ ಕಣ್ಣಳತೆಯಲ್ಲಿ, ಥಯಾಮಿನ್ ಜೊತೆ, ಇಲ್ಲೇ ನಿಲ್ಲಿಸಿ. ಅಲ್ಲಿ ಕದ್ದು ಮಾರುವುದನ್ನು ಮುಟ್ಟಬೇಡಿ. 2025ರ ಆಗಸ್ಟ್‌ನಲ್ಲಿ ಕುವೈತ್‌ನಲ್ಲಿ ಮೆಥನಾಲ್ ಬೆರೆತ ಕಳ್ಳಮದ್ಯ ಕುಡಿದು ಇಪ್ಪತ್ತಕ್ಕೂ ಹೆಚ್ಚು ವಲಸೆ ಕಾರ್ಮಿಕರು ಸತ್ತರು. ಬದುಕಿದವರಲ್ಲಿ ಕೆಲವರು ಕಣ್ಣು ಕಳೆದುಕೊಂಡರು.

ಮೂರ್ನಾಲ್ಕು ಸಲ ಹೋಗಬೇಕಾದ ಚಿಕಿತ್ಸೆಯನ್ನೆಲ್ಲ ಇಲ್ಲೇ ಮುಗಿಸಿ. ಹಲ್ಲು ಅದರಲ್ಲಿ ಮೊದಲನೆಯದು. ರೂಟ್ ಕೆನಾಲ್, ಮೇಲೆ ಕ್ಯಾಪ್ ಎಂದರೆ ಎರಡು ಮೂರು ವಾರ ಹಿಡಿಯುತ್ತದೆ. ಈ ತಿಂಗಳೇ ಹೋಗಿ. ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಲೇಬೇಕು, ಲೇಸರ್ ಬೇಕೆಂದರೆ ಹೊರಡುವ ಮೊದಲೇ ಆಗಲಿ. ಕನ್ನಡಕ ಎರಡು ಜೊತೆ ಇರಲಿ. ಮೂತ್ರದ ಮೈಕ್ರೋಆಲ್ಬುಮಿನ್, ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಇಸಿಜಿ, ಮೆಟ್‌ಫಾರ್ಮಿನ್ ತಿನ್ನುವವರಾದ್ದರಿಂದ ಬಿ12. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ಉಸಿರು ಕಟ್ಟುತ್ತದೆ ಎನಿಸಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಬೇಕೇ ಎಂದು ಕೇಳಿ. ಹೊಟ್ಟೆಯ ಅಲ್ಟ್ರಾಸೌಂಡ್ ಒಂದಿರಲಿ. ಬಿಸಿಲಿನ ಕೆಲಸದಲ್ಲಿ ಕಿಡ್ನಿ ಕಲ್ಲು ಬೆಳೆಯುತ್ತದೆ, ಈಗಾಗಲೇ ಇದ್ದರೆ ತಿಳಿದಿರುವುದು ಒಳ್ಳೆಯದು. ಹರ್ನಿಯಾ ಇದ್ದರೆ ಈಗಲೇ ಆಪರೇಷನ್ ಆಗಬೇಕು, ಆಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ.

ಪಾದಕ್ಕೆ ಬೇರೆಯೇ ಸಮಯ ಕೊಡಿ. ಮಧುಮೇಹಿಗಳು ಗಲ್ಫ್‌ನಲ್ಲಿ ಕಾಲು ಕಳೆದುಕೊಳ್ಳುವ ಕಥೆ ಸೇಫ್ಟಿ ಶೂನಿಂದ ಶುರುವಾಗುತ್ತದೆ. ಉಕ್ಕಿನ ಮೂತಿಯ ಶೂ, ಹನ್ನೆರಡು ಗಂಟೆ ಬೆವರು, ಒಳಗೆ ಒಂದು ಜಲ್ಲಿಕಲ್ಲು. ಸ್ಪರ್ಶ ಸರಿ ಇದ್ದವರು ಎರಡು ಹೆಜ್ಜೆಗೆ ನಿಂತು ಶೂ ಬಿಚ್ಚುತ್ತಾರೆ. ನರ ಮಂದವಾದವರು ಸಂಜೆಯವರೆಗೆ ಅದರ ಮೇಲೇ ನಡೆದಿರುತ್ತಾರೆ, ರಾತ್ರಿ ಕಾಲುಚೀಲಕ್ಕೆ ರಕ್ತ ಅಂಟಿದಾಗಲೇ ಗೊತ್ತಾಗುವುದು. ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಅಂಗಾಲು ಮೆಲ್ಲಗೆ ಒತ್ತಿ ನೋಡುವ ಪರೀಕ್ಷೆಗೆ ಐದು ನಿಮಿಷ ಸಾಕು, ಮಾಡಿಸಿ. ಪ್ರಿಗ್ಯಾಬಲಿನ್ ಯಾವುದಕ್ಕೆ ಕೊಟ್ಟದ್ದು, ಸೊಂಟಕ್ಕೋ ಕಾಲಿನ ನರಕ್ಕೋ ಎನ್ನುವುದೂ ಅಲ್ಲೇ ತಿಳಿಯುತ್ತದೆ. ಕಂಪನಿ ಕೊಡುವ ಶೂವನ್ನು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ದಪ್ಪ ಹತ್ತಿಯ ಕಾಲುಚೀಲ ಹಾಕಿ ಅಳತೆ ನೋಡಿ. ಪ್ರತಿ ಬಾರಿ ಹಾಕುವ ಮೊದಲು ಶೂ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ಕಾಲುಚೀಲ ಆರು ಜೊತೆ ಇರಲಿ, ಮಧ್ಯಾಹ್ನ ಒಮ್ಮೆ ಬದಲಾಯಿಸಿ. ರಾತ್ರಿ ಬೆರಳ ಸಂದು ಒರೆಸಿ, ಅಂಗಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ.

ಲಸಿಕೆಯಲ್ಲಿ ಹೆಚ್ಚು ಗೊಂದಲ ಬೇಡ. ಹತ್ತು ವರ್ಷದಲ್ಲಿ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಆಗಿಲ್ಲದಿದ್ದರೆ ಒಂದು. ಟೈಫಾಯ್ಡ್ ಕಾಂಜುಗೇಟ್ ಒಂದು. ಈ ವರ್ಷದ ಫ್ಲೂ ಲಸಿಕೆ. ಮಧುಮೇಹ ಇರುವುದರಿಂದ ನ್ಯುಮೋಕಾಕಲ್ ಕೂಡ. ಹೆಪಟೈಟಿಸ್ ಬಿ 0, 1, 6 ತಿಂಗಳಿಗೆ ಮೂರು ಡೋಸ್. ಮೆಡಿಕಲ್ ಆದ ಮರುದಿನ ಶುರು ಮಾಡಿದರೆ ಎರಡು ಇಲ್ಲೇ ಆಗುತ್ತದೆ, ಮೂರನೆಯದನ್ನು ಅಲ್ಲಿ ಅಥವಾ ಮೊದಲ ರಜೆಯಲ್ಲಿ ಹಾಕಿಸಿ. ಆದರೆ ಇಕಾಮಾ ಮೆಡಿಕಲ್‌ಗೂ ಆ 18 ದಿನದ ಲೆಕ್ಕ ಅನ್ವಯಿಸುವುದರಿಂದ ಎರಡನೆಯದನ್ನು ಹೊರಡುವ ಹಿಂದಿನ ವಾರಕ್ಕೆ ತಳ್ಳಬೇಡಿ. ಮಕ್ಕಾ, ಮದೀನಾ ಕಡೆ ಕೆಲಸವಿದ್ದರೆ ಅಥವಾ ಉಮ್ರಾ ಮಾಡುವ ಇರಾದೆ ಇದ್ದರೆ ಮೆನಿಂಗೊಕಾಕಲ್ ಎಸಿವೈಡಬ್ಲ್ಯೂ ಬೇಕು, ಅಲ್ಲಿ ತಲುಪುವ 10 ದಿನ ಮೊದಲೇ ಆಗಿರಬೇಕು. ಗಲ್ಫ್‌ಗೆ ಹಳದಿ ಜ್ವರದ ಲಸಿಕೆ ಬೇಡ, ಅದು ಆಫ್ರಿಕಾಕ್ಕೆ ಹೋಗುವವರಿಗೆ.

ಜೂನ್ ಮೊದಲ ವಾರ ಜುಬೈಲ್‌ಗೆ ಇಳಿಯುವುದು ಕೆಟ್ಟ ಮುಹೂರ್ತ. ಕಂಪನಿ ಒಪ್ಪಿದರೆ ಅಕ್ಟೋಬರಿಗೆ ಮುಂದೂಡಲು ಕೇಳಿ ನೋಡಿ, ಕೇಳುವುದಕ್ಕೇನೂ ಖರ್ಚಿಲ್ಲ. ಆಗದಿದ್ದರೆ ಈ ಲೆಕ್ಕ ನೆನಪಿರಲಿ. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ ಐದನೇ ಒಂದು ಭಾಗ, ಎರಡನೇ ದಿನ ಐದರಲ್ಲಿ ಎರಡು, ಹೀಗೆ ಏರಿಸುತ್ತಾ ಹೋಗುವುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ರೀತಿ. ಸೂಪರ್‌ವೈಸರ್ ಆದ್ದರಿಂದ ನಿಮಗೆ ಇದು ಸಾಧ್ಯ, ನಿಮ್ಮ ಕೈಕೆಳಗಿನ ಹೊಸಬರಿಗೂ ಹೀಗೇ ಮಾಡಿಸಿ. ‘ನಮ್ಮ ಕರಾವಳಿಯ ಸೆಕೆಯಲ್ಲಿ ಬೆಳೆದವನು, ನನಗೇನು’ ಎನ್ನಬೇಡಿ. ತಿಂಗಳು ರಜೆಗೆ ಮಳೆಗಾಲದ ಊರಿಗೆ ಬಂದು ಹೋದ ಹಳಬರಲ್ಲೂ ಈ ಒಗ್ಗುವಿಕೆ ಹೋಗಿಬಿಟ್ಟಿರುತ್ತದೆ. ಅವರಿಗೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ.

ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನೀವು ಇಳಿಯುವುದು ಆ ನಿಯಮ ಶುರುವಾಗುವ ಮೊದಲಿನ ವಾರ, ಅದನ್ನೂ ಗಮನದಲ್ಲಿಡಿ. ಕೆಲಸದ ನಡುವೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 250 ಮಿಲಿ ನೀರು. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು, ಬರೀ ನೀರೇ ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ. ಎರಡು ಗಂಟೆಗಿಂತ ಹೆಚ್ಚು ಬೆವರಿದರೆ ಉಪ್ಪೂ ಬೇಕು. ಬಿಪಿ ಇರುವ ನಿಮಗೆ ಊಟದ ಜೊತೆಯ ಉಪ್ಪು, ತೆಳು ಮಜ್ಜಿಗೆ ಬಹುತೇಕ ಸಾಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಜ್ಜಿಗೆಯಾದ ಲಬನ್‌ನಲ್ಲಿ ಕೆಲವಕ್ಕೆ ಉಪ್ಪು ಹಾಕಿರುತ್ತಾರೆ, ಡಬ್ಬಿ ನೋಡಿ ತೆಗೆದುಕೊಳ್ಳಿ. ಎನರ್ಜಿ ಡ್ರಿಂಕ್, ದಿನಕ್ಕೆ ಐದಾರು ಸಲದ ಗಟ್ಟಿ ಹಾಲಿನ ಸಿಹಿ ಚಹಾ, ಇವು ಮೂರು ತಿಂಗಳಲ್ಲಿ ನಿಮ್ಮ ಹತ್ತು ವಾರದ ಶ್ರಮವನ್ನು ಅಳಿಸಿಹಾಕುತ್ತವೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು.

ಯಾರಾದರೂ ಬಿಸಿಲಲ್ಲಿ ತೊದಲಿದರೆ, ಗೊಂದಲದಿಂದ ವರ್ತಿಸಿದರೆ, ಕುಸಿದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಬೆವರು ನಿಂತಿರಬೇಕೆಂದೇನೂ ಇಲ್ಲ, ಶ್ರಮದ ಕೆಲಸದಲ್ಲಿ ಮೈ ಬೆವರುತ್ತಿರುವಾಗಲೇ ಹೀಗಾಗುತ್ತದೆ. 997ಕ್ಕೆ ಕರೆ ಹೋಗುತ್ತಿರುವಾಗಲೇ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಕತ್ತು, ಕಂಕುಳು, ತೊಡೆಸಂದಿಗೆ ಐಸ್. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಬೇಡ, ಪ್ಯಾರಾಸಿಟಮಾಲ್‌ನಿಂದ ಪ್ರಯೋಜನವಿಲ್ಲ. ಅಂಬುಲೆನ್ಸ್ ಬಂದ ಮೇಲೆ ತಂಪು ಮಾಡುತ್ತಾರೆಂದು ಕಾಯುವ ಹದಿನೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟಾಗುವುದು.

ವಿಮೆಯ ಕಂತು ಉದ್ಯೋಗದಾತರ ಹೊಣೆ, ಸಂಬಳದಲ್ಲಿ ಹಿಡಿಯುವಂತಿಲ್ಲ. ಕರಾರು ಸಹಿ ಮಾಡುವ ಮೊದಲು ಕೇಳಬೇಕಾದದ್ದು: ಯಾವ ಕ್ಲಾಸಿನ ಕಾರ್ಡ್, ಜುಬೈಲ್‌ನಲ್ಲಿ ಯಾವ ಆಸ್ಪತ್ರೆ ಅದರಲ್ಲಿದೆ, ಪ್ರತಿ ಭೇಟಿಗೆ ಕೈಯಿಂದ ಎಷ್ಟು, ಕಾರ್ಡ್ ಬರುವ ತನಕ ಖರ್ಚು ಯಾರದು. ಕೊನೆಯದನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಫಾರಂನಲ್ಲಿ ಶುಗರ್, ಬಿಪಿ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಆಸ್ಪತ್ರೆ ಸೇರಿದ ದಿನ ಹೊರಬಂದರೆ ಬಿಲ್ಲು ನಿಮ್ಮ ತಲೆಗೆ. ಹತ್ತನೇ ತರಗತಿ ಪಾಸಾಗದೆ ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟ್‌ನಲ್ಲಿ ಹೋಗುವ ನಿಮ್ಮ ಜೊತೆಯವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ. ಪಾಲಿಸಿಯ ಪ್ರತಿ ಒಂದು ಮನೆಯಲ್ಲೂ ಇರಲಿ.

ಊರಿನ ಆರೋಗ್ಯ ವಿಮೆಯನ್ನು ‘ಇನ್ನೇನು ಬೇಕು’ ಎಂದು ನಿಲ್ಲಿಸುವುದು ಸಾಮಾನ್ಯ ತಪ್ಪು. ಅದು ಸೌದಿಯಲ್ಲಿ ದುಡ್ಡು ಕೊಡಲಿಕ್ಕಿಲ್ಲ, ನಿಜ. ಆದರೆ ನಿಲ್ಲಿಸಿ ಮೂರು ವರ್ಷದ ಮೇಲೆ 44ನೇ ವಯಸ್ಸಿನಲ್ಲಿ, ಶುಗರ್-ಬಿಪಿ ಹೊತ್ತುಕೊಂಡು ಹೊಸದಾಗಿ ಮಾಡಿಸಿದರೆ, ಮೊದಲೇ ಇದ್ದ ಕಾಯಿಲೆಗೆ ಮತ್ತೆ ಮೂರು ವರ್ಷದವರೆಗೆ ಕಾಯಿಸಬಹುದು. ಹೆಂಡತಿ ಮಕ್ಕಳ ಪಾಲಿಸಿಯಲ್ಲೇ ನಿಮ್ಮ ಹೆಸರು ಉಳಿಯಲಿ.

ಮನಸ್ಸಿನ ವಿಷಯ ನೀವು ಕೇಳಲಿಲ್ಲ. ಮೊದಲ ತಿಂಗಳ ಹೊಸತನ ಇಳಿದ ಮೇಲೆ, ಸಾಲದ ಕಂತು, ಎಂಟು ಜನರ ಕೋಣೆ, ಪಕ್ಕದ ಮಂಚದವನ ರಾತ್ರಿ ಪಾಳಿ ಎಲ್ಲ ಸೇರಿ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಸಕ್ಕರೆಯೂ ಏರುತ್ತದೆ. ಕಣ್ಣುಪಟ್ಟಿ, ಕಿವಿಗೆ ಹಾಕುವ ಫೋಮ್ ತುಂಡು ಪೆಟ್ಟಿಗೆಯಲ್ಲಿರಲಿ. ಫೋನಿನ ವೇಳೆಯನ್ನು ಈಗಲೇ ಗೊತ್ತು ಮಾಡಿ. ಅಲ್ಲಿ ರಾತ್ರಿ 9 ಎಂದರೆ ನಮ್ಮಲ್ಲಿ 11.30, ಮಕ್ಕಳು ಮಲಗಿರುತ್ತಾರೆ, ಹೆಂಡತಿ ತೂಕಡಿಸುತ್ತಿರುತ್ತಾರೆ, ಮಾತೆಲ್ಲ ದುಡ್ಡಿನದೇ ಆಗಿ ಜಗಳಕ್ಕೆ ತಿರುಗುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಡುವು ನಮ್ಮ 2.30ರಿಂದ 5.30. ಮಕ್ಕಳು ಶಾಲೆಯಿಂದ ಬರುವ ಹೊತ್ತದು, ಹತ್ತು ನಿಮಿಷ ಸಾಕು. ದುಡ್ಡಿನ ಮಾತನ್ನು ಶುಕ್ರವಾರದ ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಎರಡು ವಾರ ಬಿಡದೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸತ್ತರೆ ಸಾಕು ಎಂಬ ಯೋಚನೆ ಬರುತ್ತದೆ ಎಂದಾದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಮೆಯ ಕಾರ್ಡ್ ಹಿಡಿದು ವೈದ್ಯರ ಬಳಿ ಹೋಗಿ, ಕೋಣೆಯಲ್ಲಿ ಒಬ್ಬರಿಗಾದರೂ ಹೇಳಿ. ಊರಿನಲ್ಲಿರುವ ನಿಮ್ಮ ಮನೆಯವರಿಗೂ ಇದು ಸುಲಭದ ಕಾಲವಲ್ಲ. ಅವರಿಗೆ ಟೆಲಿ-ಮಾನಸ್ 14416 ಸಂಖ್ಯೆ ಬರೆದುಕೊಟ್ಟು ಹೋಗಿ, ಕನ್ನಡದಲ್ಲೇ ಮಾತಾಡಬಹುದು, ಉಚಿತ. ಈಗಾಗಲೇ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ‘ಅಲ್ಲಿ ಹೋಗಿ ನೋಡೋಣ’ ಎಂದು ನಿಲ್ಲಿಸಬಾರದು. ಮಾತ್ರೆಯ ಹೆಸರು ನಿಯಂತ್ರಿತ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಉಳಿದ ಔಷಧದಂತೆಯೇ ಚೀಟಿಯೊಂದಿಗೆ ಒಯ್ಯಬಹುದು.

ಈ ವಾರದ ಕೆಲಸ ಎರಡೇ: ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆಗಳು, ಮತ್ತು ಈ ಪುಟದ ಪ್ರಶ್ನೆಗಳೊಂದಿಗೆ ನಿಮ್ಮ ಶುಗರ್ ವೈದ್ಯರ ಭೇಟಿ. ಔಷಧ ಬದಲಾಯಿಸಿದ ಮೇಲೆ ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ರಾತ್ರಿ ಊಟಕ್ಕೆ ಮುಂಚೆ ಸಕ್ಕರೆ ನೋಡಿ ಬರೆದಿಡಿ. 70ಕ್ಕಿಂತ ಕೆಳಗೆ ಒಮ್ಮೆ ಬಂದರೂ ಮರುದಿನವೇ ಅವರಿಗೆ ಫೋನ್ ಮಾಡಿ.